ಗೀಟೆರಡು ಎಳೆದಳು

"ಇದು ಬಟಾಣಿ ಕಣೇ, ಡೆಲ್ಫಿಯಾ. ಬ-ಟಾ-ಣಿ." ಅಂಗಡಿ ನಡೆಸುವ ಓಪಲ್, ಡಬ್ಬಿಯ ಮೇಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಬಟಾಣಿಯ ಚಿತ್ರ ಅಕ್ಷರಗಳಿಗಿಂತ ದೊಡ್ಡದಾಗಿತ್ತು.

"ಕಣ್ಣು ಕಾಣ್ಸತ್ತೆ ನಂಗೆ," ಎಂದಳು ಡೆಲ್ಫಿಯಾ.

"ಬೇಜಾರು ಮಾಡ್ಕೋಬೇಡ್ವೇ. ಎಂಥ ಪುಣ್ಯವಂತೆ ನೀನು, ಗಂಡ ಹಾಡು ಕಟ್ಟಿದಾನೆ! ನಮ್ಮನೆಯೋನು ನನ್ನ ಮೇಲೆ ಬೈಗುಳ ಬಿಟ್ಟು ಬೇರೇನೂ ಕಟ್ಟಿಲ್ಲ."

ಗಲ್ಲಾದ ಹಿಂದಿನ ರೇಡಿಯೊದಲ್ಲಿ ಆಗಲೂ ಅದೇ ಹಾಡು. ಕೆಂಟಕಿಯ ಆ ಗಣಿ ಕಣಿವೆಯಲ್ಲಿ ಆ ಬೇಸಿಗೆಯಿಡೀ ಯಾರ ಬಾಯಲ್ಲೂ ಬೇರೆ ಹಾಡಿರಲಿಲ್ಲ. ಗಣಿ ಕೆಲಸ ಬಿಟ್ಟು ಗಿಟಾರ್ ಹಿಡಿದು ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಹೋಗಿದ್ದ ಡೆಲ್ಫಿಯಾಳ ಗಂಡ ಕ್ಲೀಟಸ್ ಹಾಡುತ್ತಿದ್ದ:

ಸಹಿಯ ಜಾಗದಿ ಗೀಟೆರಡು ಎಳೆದಳು,
ನನ್ನೆದೆ ಓದಲು ಅಕ್ಷರ ಬೇಕೇ?

ಡೆಲ್ಫಿಯಾಳಿಗೆ ಓದು ಬರುವುದಿಲ್ಲವೆಂದು ಮದುವೆಯ ದಿನ, ಸಹಿಗೆ ಬದಲು ಅವಳು ಕತ್ತರಿಯಾಕಾರದಲ್ಲಿ ಗೀಟೆರಡು ಎಳೆದಾಗ, ಕ್ಲೀಟಸ್‌ಗೂ ಪಾದ್ರಿಗೂ ಮಾತ್ರ ತಿಳಿದಿತ್ತು. ಪಾದ್ರಿ ಅದನ್ನು ತನ್ನೊಂದಿಗೇ ಮಣ್ಣಿಗೆ ಒಯ್ದಿದ್ದ. ಚರ್ಚಿನಲ್ಲಿ ಪಕ್ಕದವರು ಪುಟ ತಿರುಗಿಸಿದಾಗ ಅವಳೂ ತಿರುಗಿಸುತ್ತಿದ್ದಳು, ಗೀತೆಗಳೆಲ್ಲ ಬಾಯಿಪಾಠ. ಈಗ ಪಕ್ಕದವರು ಬಾಗಿ, ನಗುತ್ತ, ಅವಳ ಪುಸ್ತಕದಲ್ಲಿ ಪುಟ ಹುಡುಕಿಕೊಡುತ್ತಿದ್ದರು.

ಶನಿವಾರ ಶಾಲೆಯ ಅಂಗಳದಲ್ಲಿ ಕ್ಲೀಟಸ್‌ನ ಹಾಡುಗಾರಿಕೆಯಿತ್ತು. ಬೆಳಿಗ್ಗೆಯೇ ಊರಿಗೆ ಬಂದ. ಅವನು ಮನೆಯ ಮೆಟ್ಟಿಲ ಮೇಲೆ ಕೂತು ಬೂಟು ಒರೆಸುತ್ತಿದ್ದಾಗ ಅವಳು ಎದುರಿಗೆ ನಿಂತಳು.

"ಯಾರಿಗೂ ಹೇಳಲ್ಲ ಅಂತ ನೀನು ಮಾತು ಕೊಟ್ಟಿದ್ದೆ."

"ನಿನ್ನ ಹೆಸರು ಎಲ್ಲಿ ಹೇಳಿದೀನಿ?"

"ಎಷ್ಟು ಜನ ಹೆಂಡ್ತೀರು ನಿಂಗೆ?"

ಅವನು ನಕ್ಕ. ಅವಳು ನಗಲಿಲ್ಲ.

"ಪ್ರೀತಿಯಿಂದ ಕಟ್ಟಿದ್ದು ಕಣೆ, ಡೆಲ್ಫಿ. ಕೇಳಿ ಜನ ಅಳ್ತಾರೆ."

"ಅಯ್ಯೋ ಪಾಪ ಅಂತ ಅಳ್ತಾರೆ. ಬೇರೆ ಕಡೆ ಏನಾದ್ರೂ ಮಾಡ್ಕೋ. ಈ ಊರಲ್ಲಿ, ನನ್ನ ಕಣ್ಮುಂದೆ, ಬೇಡ."

ಅವನು ಬೂಟು ಒರೆಸುವ ಬಟ್ಟೆಯನ್ನು ಮಡಿಸಿಟ್ಟ. "ಆಯ್ತು. ಹಾಡಲ್ಲ," ಎಂದು ಅವಳ ಕೈ ಹಿಡಿದುಕೊಂಡ.

ಅವಳು ನಂಬಿದಳು. ಅವನ ಅಂಗಿಗೆ ಇಸ್ತ್ರಿ ಹಾಕಿದಳು, ತಾನೂ ಚರ್ಚಿನ ಉಡುಪು ತೊಟ್ಟಳು. ಟ್ರಕ್ಕನ್ನು ಅವಳೇ ಓಡಿಸಿಕೊಂಡು ಹೋದಳು.

ಅಂಗಳ ತುಂಬಿತ್ತು. ಕ್ಲೀಟಸ್ ಹಳೆಯ ಹಾಡುಗಳನ್ನೇ ಹಾಡಿದ. ಜನ ಚಪ್ಪಾಳೆ ತಟ್ಟಿದರು, ಆದರೆ ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಗಣಿಯವನೊಬ್ಬ ಕೂಗಿದ: "ಏ ಕ್ಲೀಟಸ್, ಗೀಟು ಎಳಿಯೋ!" ಅಂಗಳವೆಲ್ಲ "ಗೀಟು! ಗೀಟು!" ಎಂದು ಕಾಲು ಬಡಿಯತೊಡಗಿತು.

ಕ್ಲೀಟಸ್ ಅವಳ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಅದನ್ನು ಕಂಡ, ಕಂಡದ್ದು ಅವಳಿಗೂ ಗೊತ್ತಾಯಿತು. ಆಮೇಲೆ ಕಣ್ಣು ಮುಚ್ಚಿ ತಂತಿ ಮೀಟಿ ಅದೇ ಹಾಡು ಶುರು ಮಾಡಿದ.

ಪಲ್ಲವಿ ಎರಡನೆಯ ಸಲ ಬಂದಾಗ ಊರೇ ದನಿಗೂಡಿಸಿತು. ಓಪಲ್ ಕಣ್ಣೊರೆಸಿಕೊಳ್ಳುತ್ತಿದ್ದಳು. ಡೆಲ್ಫಿಯಾ ಎದ್ದಾಗ, ವೇದಿಕೆಗೆ ಹೊರಟಳೆಂದು ಜನ ದಾರಿ ಬಿಟ್ಟರು. ಯಾರೋ ಬೆನ್ನು ತಟ್ಟಿದರು. ಅವಳು ಗೇಟಿನ ಕಡೆ ತಿರುಗಿ ನಡೆದಳು.

ಟ್ರಕ್ಕಿನ ಕಿಟಕಿ ಏರಿಸಿದರೂ ಹಾಡು ಕೇಳುತ್ತಿತ್ತು. ಸೇತುವೆ ದಾಟಿದ ಮೇಲೆ ಅದು ಕೇಳಿಸದಾಯಿತು.

ಕವಲಿನಲ್ಲಿ ಬಲಕ್ಕೆ ಹೋದರೆ ಮನೆ. ಎಡಕ್ಕೆ ಬಾಣ ತೋರಿಸುತ್ತಿದ್ದ ಫಲಕದಲ್ಲಿ ಯಾವುದೋ ಊರಿನ ಹೆಸರಿತ್ತು, ಉದ್ದನೆಯದು. ಡೆಲ್ಫಿಯಾ ಟ್ರಕ್ಕು ನಿಲ್ಲಿಸಿ ಅದನ್ನೇ ನೋಡಿದಳು. ಹಿಂದಿನಿಂದ ಕಲ್ಲಿದ್ದಲಿನ ಲಾರಿಯವನು ಹಾರ್ನ್ ಹೊಡೆದ.

ಅವಳು ಎಡಕ್ಕೆ ತಿರುಗಿಸಿದಳು.