ಡಬ್ಬದೊಳಗಿನ ಏಸಿ

ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಸಿದ್ದಮಲ್ಲಪ್ಪ ದಪ್ಪ ಮಣ್ಣುಗೋಡೆಯ ಅತಿಥಿಗೃಹ ಕಟ್ಟಿಸಿದ. ಮೇ ತಿಂಗಳಲ್ಲೂ ಅಲ್ಲಿ ಫ್ಯಾನು ಬೇಡ. ಹಸಿರು ಕಟ್ಟಡದ ಸರ್ಟಿಫಿಕೇಟ್ ತಾನಾಗಿಯೇ ನಡೆದು ಬರುತ್ತದೆಂದು ನಂಬಿದ್ದ. ಲ್ಯಾಪ್‌ಟಾಪ್ ಹಿಡಿದು ಬಂದ ಸಲಹೆಗಾರ ಅಡ್ಡಡ್ಡ ತಲೆಯಾಡಿಸಿದ.

“ಕಂಪ್ಯೂಟರಿನಲ್ಲಿ ಮಾಮೂಲಿ ಕಟ್ಟಡವೊಂದನ್ನು ಕಟ್ಟಿ, ಅದಕ್ಕೆ ಏಸಿ ಹಾಕಿ, ಅದರೊಂದಿಗೆ ನಿಮ್ಮದನ್ನು ಹೋಲಿಸುತ್ತೇವೆ. ಅದಕ್ಕಿಂತ ಎಷ್ಟು ಕರೆಂಟು ಉಳಿಸುತ್ತೀರೋ ಅಷ್ಟು ಅಂಕ.”

“ನಮ್ದ್ರಲ್ಲಿ ಏಸಿನೇ ಇಲ್ವಲ್ಲ ಸಾಮಿ!”

“ಹಾಗಾದರೆ ನಿಮ್ಮಲ್ಲೂ ಅದೇ ಏಸಿ ಇದೆಯೆಂದು ಲೆಕ್ಕ. ಎರಡೂ ಸಮ, ಉಳಿತಾಯ ಸೊನ್ನೆ. ಕಡಿಮೆ ಕರೆಂಟು ತಿನ್ನುವ ಒಳ್ಳೆಯ ಏಸಿ ಕೊಂಡರೆ ಉಳಿತಾಯ ತೋರಿಸಬಹುದು.”

ಹಾಳಾಗಿ ಹೋಗಲಿ ಎಂದು ಸಿದ್ದಮಲ್ಲಪ್ಪ ಮೈಸೂರಿನಿಂದ ನಾಲ್ಕು ಏಸಿ ತರಿಸಿದ. ತಪಾಸಣೆಗೆ ಬಂದ ಅಧಿಕಾರಿ ಒಳಗೆ ಕಾಲಿಟ್ಟವನೇ ನಡುಗಿ, “ಭೇಷ್, ಎಂಥ ಏಸಿ! ಸ್ವಲ್ಪ ಆಫ್ ಮಾಡಿ” ಎಂದ.

“ಏಸಿ ಇನ್ನೂ ಡಬ್ಬದಲ್ಲೇ ಅದೆ ಕಣಿ. ಇದು ಬೆಟ್ಟದ ಗೋಪಾಲಸಾಮಿ ಚಳಿ, ಅದ್ಕೆ ಸ್ವಿಚ್ಚೆಲ್ಲಿ?”

ಅಧಿಕಾರಿ ಮಫ್ಲರ್ ಸುತ್ತಿಕೊಂಡು ಡಬ್ಬಗಳಿಗೆ ಪೂರ್ತಿ ಅಂಕ ಕೊಟ್ಟ.