ಕೋಟು ಹಾಕಿಕೊಂಡೇ ಕಾಯೋಣ

ಚಳಿಗಾಲ ಬಂತೆಂದರೆ ನಮ್ಮ ಗ್ಯಾನೆಟ್ ಕೊಲ್ಲಿಯಲ್ಲಿ ಪ್ರತಿ ವರ್ಷ ಇದೇ ಗೋಳು. ಭಾನುವಾರ ಬೆಳಿಗ್ಗೆ ನಮ್ಮ ಈಜು ಕ್ಲಬ್ಬಿನ ಹದಿನೈದು ಜನ ಸಮುದ್ರಕ್ಕೆ ಇಳಿಯುತ್ತಾರೆ. ಹದಿನೈದು ಜನವೂ ನಗುತ್ತಾ ಮೇಲೆ ಬರುತ್ತಾರೆ. ನೀರಿನಲ್ಲಿ ಯಾರಿಗೂ ಏನೂ ಆಗುವುದಿಲ್ಲ. ದಡಕ್ಕೆ ಬಂದ ಮೇಲೆ ಯಾರಾದರೊಬ್ಬರು ಬೀಳುತ್ತಾರೆ. ಬಿದ್ದವರನ್ನು ಎಬ್ಬಿಸಿ ಕೂರಿಸಿ, "ತಿಂಡಿ ತಿಂದಿರಲಿಲ್ಲ ಅನ್ಸತ್ತೆ", "ವಯಸ್ಸಾಯ್ತಲ್ಲ" ಎಂದು ಹೇಳಿ ಎಲ್ಲರೂ ಮನೆಗೆ ಹೋಗುತ್ತಾರೆ. ಮುಂದಿನ ಭಾನುವಾರ ಮತ್ತೆ ಅದೇ ಕಥೆ.

ಭೂಮಿಯ ದಕ್ಷಿಣಕ್ಕಿರುವ ನಮಗೆ ಜುಲೈ ಎಂದರೆ ನಡುಚಳಿಗಾಲ; ಈ ಜುಲೈಯಲ್ಲಿ ಬಿದ್ದವರು ಲಿಂಡ್ಸೆ ಪ್ರೂವೆಟ್. ವಯಸ್ಸು ಅರವತ್ತೆಂಟು. ನಲವತ್ತು ವರ್ಷ ಲಾಬ್‌ಸ್ಟರ್ ಹಿಡಿಯುವ ದೋಣಿ ನಡೆಸಿದವರು. ಶಾಲೆ ಬಿಟ್ಟ ಮೇಲೆ ನಾನು ಮೊದಲು ದುಡಿದದ್ದು ಅವರ ದೋಣಿಯಲ್ಲೇ. ಇವತ್ತಿಗೂ ಅವರನ್ನು ಸ್ಕಿಪ್ಪರ್, ಅಂದರೆ ದೋಣಿಯ ಯಜಮಾನ, ಎಂದೇ ಕರೆಯುತ್ತೇನೆ.

ಅವತ್ತು ಈಜು ಮುಗಿಸಿ ಎಲ್ಲರೂ ಕ್ಲಬ್ಬಿನೊಳಗೆ ಬಂದಿದ್ದೆವು. ಸ್ನಾನದ ಕೋಣೆಯಲ್ಲಿ ಧಡ್ ಎಂದು ಸದ್ದಾಯಿತು. ಬಾಗಿಲು ತಳ್ಳಿದವನು ನಾನೇ. ಬಿಸಿನೀರು ಸುರಿಯುತ್ತಲೇ ಇತ್ತು. ಸ್ಕಿಪ್ಪರ್ ನೆಲದ ಮೇಲಿದ್ದರು. ನಲ್ಲಿಗೆ ಬಡಿದು ಹುಬ್ಬು ಸೀಳಿತ್ತು. ಒಂದು ಬೆರಳು ಆಚೀಚೆಯಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಹೃದಯ ನೋಡಿದರು, ರಕ್ತ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು.

"ಎಲ್ಲ ಸರಿ ಇದ್ದರೆ ಬಿದ್ದಿದ್ದು ಯಾಕೆ?" ಎಂದಳು ಮಗಳು ಜಾಸ್ಲಿನ್. ಅವಳು ಮನೆಗೆ ಬಂದವಳೇ ಅಪ್ಪನ ಈಜುಚಡ್ಡಿ, ಟವೆಲು, ಈಜುಕನ್ನಡಕ ಎಲ್ಲ ಒಂದು ಚೀಲಕ್ಕೆ ತುರುಕಿ ತನ್ನ ಕಾರಿನಲ್ಲಿಟ್ಟು ಬೀಗ ಹಾಕಿದಳು.

"ಮುಗೀತು ಅಪ್ಪಾ. ಇನ್ನು ಸಮುದ್ರದ ಮಾತೆತ್ತಬೇಡ."

ಜಾಸ್ಲಿನ್ ತಾಯಿ ಮರ್ಲೀನ್ ತೀರಿಕೊಂಡು ಎರಡು ಚಳಿಗಾಲವಾಗಿತ್ತು. ಮೊದಲನೆಯ ಚಳಿಗಾಲ ಸ್ಕಿಪ್ಪರ್ ಹಾಸಿಗೆಯಿಂದ ಏಳುತ್ತಿರಲಿಲ್ಲ. ಕರೆದರೆ ಗೋಡೆ ಕಡೆ ಮಗ್ಗುಲಾಗುತ್ತಿದ್ದರು. ಅವರನ್ನು ಎಬ್ಬಿಸಿದ್ದು ಮಾತ್ರೆಯಲ್ಲ, ಬುದ್ಧಿಮಾತಲ್ಲ, ಆ ಹತ್ತು ಡಿಗ್ರಿಯ ನೀರು. ಅದನ್ನೂ ಕಿತ್ತುಕೊಂಡರೆ ಏನಾಗುತ್ತದೆಂದು ಜಾಸ್ಲಿನ್‌ಗೆ ಗೊತ್ತಿತ್ತು. ಈಜಲು ಬಿಟ್ಟರೆ ಏನಾಗುತ್ತದೆಂದೂ ಈಗ ಗೊತ್ತಾಗಿತ್ತು.

ಸಂಜೆ ನಾನು ಸ್ಕಿಪ್ಪರ್ ಮನೆಯಲ್ಲೇ ಇದ್ದಾಗ ಗ್ವೆಂಡಾ ಹ್ಯಾಸ್ಲಾಕ್ ಬಂದರು. ಗ್ವೆಂಡಾ ನಮ್ಮ ಊರಿನ ಆಂಬ್ಯುಲೆನ್ಸಿಗೆ ಸ್ವಯಂಸೇವಕಿ, ನಮ್ಮ ಜೊತೆ ಈಜುವವರೂ ಹೌದು. ಆ ಭಾನುವಾರ ಪಾಳಿ ಇದ್ದದ್ದರಿಂದ ಈಜಲು ಬಂದಿರಲಿಲ್ಲ. ಬಂದವರು ಅಡುಗೆಮನೆಯ ಕುರ್ಚಿ ಎಳೆದು ಕೂತು ಸ್ಕಿಪ್ಪರ್ ಹುಬ್ಬು ನೋಡಿದರು.

"ಚೆನ್ನಾಗಿ ಹೊಲಿದಿದ್ದಾರೆ. ಮೊದಲಿಗಿಂತ ಲಕ್ಷಣವಾಗಿ ಕಾಣ್ತೀಯ."

"ತಮಾಷೆ ಸಾಕು ಮಾರಾಯ್ತಿ. ವಯಸ್ಸಾಯ್ತು, ಬಿದ್ದೆ."

"ವಯಸ್ಸಲ್ಲ ಲಿಂಡ್ಸೆ, ಮೊಂಡುತನ. ನೀರಿಂದ ಎದ್ದ ಮೇಲೆ ಏನೇನು ಮಾಡ್ದೆ, ಒಂದೊಂದಾಗಿ ಹೇಳು."

"ಎಲ್ಲರೂ ಮಾಡೋದೇ. ಇಳಿಜಾರಲ್ಲಿ ನಿಂತು ಫೇಗೆ ಕಾದ್ವಿ."

ಇಲ್ಲಿ ನಮ್ಮ ಕ್ಲಬ್ಬಿನ ಕಟ್ಟಳೆಯೊಂದನ್ನು ಹೇಳಬೇಕು. ಕೊನೆಯ ತಲೆ ನೀರಿನಿಂದ ಮೇಲೆ ಬರುವವರೆಗೆ ಯಾರೂ ಬಟ್ಟೆ ಹಾಕಬಾರದು. ಒದ್ದೆ ಚಡ್ಡಿಯಲ್ಲೇ ದೋಣಿ ಇಳಿಸುವ ಇಳಿಜಾರಿನ ಮೇಲೆ ಸಾಲಾಗಿ ನಿಂತು ಕಾಯಬೇಕು. ಕೊನೆಗೆ ಬರುವವರು ಯಾವಾಗಲೂ ಫೇ ಟಟ್ಲ್. ಎಪ್ಪತ್ತನಾಲ್ಕು ವರ್ಷದ ಅಜ್ಜಿ, ಆಮೆಯ ಹಾಗೆ ಈಜುತ್ತಾರೆ. ಗಾಳಿ ಬೀಸಲಿ, ಆಲಿಕಲ್ಲು ಬೀಳಲಿ, ನಾವು ನಿಂತಿರುತ್ತಿದ್ದೆವು. ಟವೆಲು ಸುತ್ತಿಕೊಂಡವನಿಗೆ "ಅಜ್ಜಿ ಬಂದ್ಲು, ಅಜ್ಜಿ ಬಂದ್ಲು" ಎಂದು ಅಣಕಿಸುವ ಕೂಗು. ನಾನೂ ಕೂಗಿದ್ದೇನೆ. ತುಟಿ ನೀಲಿಯಾದವನು ಗಂಡಸು, ನಡುಗದವನು ಮಹಾ ಗಂಡಸು! ಥೂ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

"ಎಷ್ಟು ಹೊತ್ತು ಕಾದ್ರಿ?" ಗ್ವೆಂಡಾ ಕೇಳಿದರು.

"ಹದಿನೈದು ನಿಮಿಷ. ನಂಗೇನೂ ಚಳಿ ಇರಲಿಲ್ಲ. ಮೈಯೆಲ್ಲ ಜುಮ್ ಅಂತಿತ್ತು. ಹಾಯಾಗಿತ್ತು."

"ಆಮೇಲೆ?"

"ಆಮೇಲೆ ನಡುಕ ಶುರುವಾಯ್ತು. ಒಂದು ಗುಟುಕು ರಮ್ ಹಾಕ್ಕೊಂಡೆ. ಬಿಸಿನೀರಿಗೆ ನಿಂತೆ. ಬಿಸಿನೀರು ಯಾರಿಗಾದ್ರೂ ಕೆಟ್ಟದು ಮಾಡುತ್ತಾ?"

"ಮಾಡುತ್ತೆ. ಹುಬ್ಬು ಮುಟ್ಟಿ ನೋಡ್ಕೋ."

ಜಾಸ್ಲಿನ್ ಆಗಷ್ಟೇ ಓವನ್ನಿನಿಂದ ಕುರಿಮಾಂಸದ ಬಾಣಲೆ ತೆಗೆದು ಮೇಜಿನ ಮೇಲಿಟ್ಟಿದ್ದಳು. ಗ್ವೆಂಡಾ ಅದನ್ನು ತೋರಿಸಿದರು.

"ಓವನ್ನಿಂದ ತೆಗೆದ ಮೇಲೂ ಮಾಂಸ ಒಳಗೆ ಬೇಯ್ತಾನೇ ಇರುತ್ತಲ್ಲ ಜಾಸ್ಲಿನ್? ಇವರ ಮೈಯೂ ಹಾಗೇ, ಉಲ್ಟಾ. ನೀರಿಂದ ಎದ್ದ ಮೇಲೂ ಒಳಗೆ ತಣ್ಣಗಾಗ್ತಾನೇ ಇರುತ್ತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಕೆಲವರಿಗೆ ಅರ್ಧ ಗಂಟೆ. ಎದ್ದ ತಕ್ಷಣ ಹಾಯಾಗಿರುತ್ತೆ. ಆ ಹಾಯನ್ನ ನಂಬಬಾರದು. ಬಟ್ಟೆ ಹಾಕ್ಕೊಳ್ಳೋಕೆ ನಿಂಗೆ ಸಿಗೋದು ಆ ಹೊತ್ತು ಮಾತ್ರ. ಅದನ್ನ ನೀವು ಒದ್ದೆ ಚಡ್ಡೀಲಿ ನಿಂತು ಹಾಳು ಮಾಡ್ತೀರ."

"ಬಿಸಿನೀರು?" ಎಂದಳು ಜಾಸ್ಲಿನ್.

"ಚಳಿಗೆ ಮೈ ರಕ್ತವನ್ನ ಚರ್ಮದಿಂದ ಒಳಗೆ ಎಳ್ಕೊಂಡಿರುತ್ತೆ. ಬಿಸಿನೀರು ಬಿದ್ದರೆ ಅದೆಲ್ಲ ಒಂದೇ ಸಲ ಚರ್ಮಕ್ಕೆ ವಾಪಸ್ ನುಗ್ಗುತ್ತೆ. ತಲೆಗೆ ಸಾಕಾಗಲ್ಲ. ಕಣ್ಣು ಕತ್ತಲೆ, ಧಡ್. ರಮ್ಮೂ ಅಷ್ಟೇ. ಬೆಚ್ಚಗಾದ ಹಾಗೆ ಅನ್ಸುತ್ತೆ, ಇರೋ ಬಿಸೀನೂ ಹೊರಗೆ ಓಡಿಸುತ್ತೆ."

ಸ್ಕಿಪ್ಪರ್ ಮುಖ ಬಿಗಿಯಾಯಿತು. "ಪುಸ್ತಕದ ಮಾತು ಇರಲಿ. ಕಾಯೋದನ್ನ ಮಾತ್ರ ನಾನು ಬಿಡಲ್ಲ. ನಾವು ಜೆಟ್ಟಿಯವರು, ದೋಣಿಕಟ್ಟೇಲಿ ಬೆಳೆದವರು. ಕೊನೇ ದೋಣಿ ವಾಪಸ್ ಬಂದು ಹಗ್ಗ ಕಟ್ಟೋವರೆಗೆ ಒಬ್ಬನೂ ಮನೆಗೆ ಹೋಗ್ತಿರಲಿಲ್ಲ. ಅಪ್ಪನ ಕಾಲದಿಂದ ಹಾಗೇ. ಫೇ ನೀರಲ್ಲಿರುವಾಗ ನಾನು ಬಟ್ಟೆ ಹಾಕ್ಕೊಂಡು ಬೆಚ್ಚಗಿರ್ಲಾ?"

ಆಗ ನನಗೆ ತಡೆಯಲಾಗಲಿಲ್ಲ. "ಸ್ಕಿಪ್ಪರ್, ಜೆಟ್ಟೀಲಿ ನಾವು ಬೆತ್ತಲೆ ನಿಂತು ಕಾಯ್ತಿದ್ವಾ?"

"ಏನಂದೆ?"

"ಮಳೆಕೋಟು ಹಾಕ್ಕೊಂಡಿದ್ವಿ. ಉಣ್ಣೆ ಟೋಪಿ, ಗಮ್‌ಬೂಟು, ಕೈಯಲ್ಲಿ ಚಹ. ಕೋಟು ಮರೆತು ಬಂದ ದಿನ ನೀವೇ ನನ್ನ ಬೈದು ಮನೆಗೆ ಓಡಿಸಿದ್ರಿ. 'ನಡುಗೋನು ಹಗ್ಗ ಹಿಡಿಯೋಕಾಗಲ್ಲ, ಹೋಗು' ಅಂದ್ರಿ. ಅದು ಮರೆತೋಯ್ತಾ?"

ಗ್ವೆಂಡಾ ನಕ್ಕುಬಿಟ್ಟರು.

"ಇವನು ನಿನ್ನ ಹತ್ರ ಏನೋ ಕಲಿತಿದ್ದಾನೆ ಲಿಂಡ್ಸೆ."

"ಎದುರುತ್ತರ ಕೊಡೋದು ಮಾತ್ರ," ಎಂದರು ಸ್ಕಿಪ್ಪರ್. ಆದರೂ ಒಪ್ಪಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ವೈದ್ಯರು ಈಜಬಹುದು ಎಂದರು. ಜಾಸ್ಲಿನ್ ಗ್ವೆಂಡಾ ಮಾತಿಗೆ ಒಂದೇ ಒಂದು ಸಲ ಚೀಲ ಕೊಟ್ಟಳು. ತಾನೂ ಬಂದು ಕೈಕಟ್ಟಿ ನಿಂತಳು. ಗ್ವೆಂಡಾ ಒಂದು ತುಂಡು ಹಗ್ಗ ತಂದಿದ್ದರು.

"ಐದು ನಿಮಿಷ ಈಜು. ಎದ್ದ ತಕ್ಷಣ ದೋಣಿ ಕಟ್ಟೋ ಗಂಟು ಹಾಕು. ಆಮೇಲೆ ನಿನ್ನ ಕಟ್ಟಳೆ ಪ್ರಕಾರ ಒದ್ದೇಲಿ ನಿಲ್ಲು. ಹತ್ತು ನಿಮಿಷ ಬಿಟ್ಟು ಮತ್ತೆ ಗಂಟು ಹಾಕು. ನಾನು ಪಕ್ಕದಲ್ಲೇ ಇರ್ತೀನಿ. ಹಾಕಿದ್ರೆ ನಾನು ಇನ್ನು ಬಾಯಿ ತೆರೆಯಲ್ಲ."

ಸ್ಕಿಪ್ಪರ್‌ಗೆ ನಗು. ಆ ಗಂಟನ್ನು ಅವರು ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ, ಅಲುಗುವ ದೋಣಿಯ ಮೇಲೆ ಹಾಕುತ್ತಿದ್ದವರು. ಈಜಿ ಬಂದರು. ಹಗ್ಗ ತೆಗೆದುಕೊಂಡು ಚಿಟಿಕೆ ಹೊಡೆಯುವಷ್ಟರಲ್ಲಿ ಹಾಕಿ ಎಸೆದರು. "ತಗೋ."

ನಿಂತರು. ಗಾಳಿ ಬೀಸುತ್ತಿತ್ತು. ಮೂರು ನಿಮಿಷ ಮಾತಾಡಿದರು. ಐದಕ್ಕೆ ಮಾತು ನಿಂತಿತು. ಎಂಟಕ್ಕೆ ದವಡೆ ಕಟಕಟ ಎಂದಿತು. ಹತ್ತಕ್ಕೆ ಗ್ವೆಂಡಾ ಹಗ್ಗ ಕೊಟ್ಟರು.

ತುದಿಯನ್ನು ಕುಣಿಕೆಯೊಳಗೆ ತೂರಿಸಲು ಹೋದರು. ಬೆರಳು ಮಡಚಲಿಲ್ಲ. ಮತ್ತೆ ಪ್ರಯತ್ನಿಸಿದರು. ಹಗ್ಗ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋಗಿ ತೂರಾಡಿದರು. ನಲವತ್ತು ವರ್ಷ ದೋಣಿ ಕಟ್ಟಿದ ಕೈ! ತಮ್ಮ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದರು.

"ಸಾಕು," ಎಂದು ಗ್ವೆಂಡಾ ಟವೆಲು ಸುತ್ತಿದರು. "ಇದೇ ಕೈಯಲ್ಲಿ ನೀನು ಗುಂಡಿ ಹಾಕ್ಕೋಬೇಕಿತ್ತು. ಕಾರು ಓಡಿಸಿ ಮನೆಗೆ ಹೋಗಬೇಕಿತ್ತು."

ಜಾಸ್ಲಿನ್ ಕಣ್ಣಲ್ಲಿ ನೀರು. "ನೋಡಿದ್ಯಾ ಅಪ್ಪಾ? ನೋಡಿದ್ಯಾ?"

"ನೋಡ್ದೆ ಕಣೇ," ಎಂದರು ಸ್ಕಿಪ್ಪರ್, ನಡುಗುತ್ತಲೇ. "ಇನ್ನೊಂದು ಭಾನುವಾರ ಕೊಡು. ಗ್ವೆಂಡಾ ಹೇಳಿದ ಹಾಗೆ ಮಾಡ್ತೀನಿ. ಆಗ್ಲೂ ಗಂಟು ಬೀಳದಿದ್ರೆ ಚೀಲ ನೀನೇ ಸುಟ್ಟುಹಾಕು."

ಮುಂದಿನ ಭಾನುವಾರ ಅವರು ಓಟ್ಸ್ ಗಂಜಿ ಕುಡಿದು ಬಂದರು. ಉಣ್ಣೆ ಟೋಪಿ, ಕೋಟು, ಕಾಲುಚೀಲ ಎಲ್ಲ ನೀರಿನ ಅಂಚಿನವರೆಗೂ ಮೈಮೇಲೇ ಇತ್ತು. ಮೊದಲು ಚಡ್ಡಿಯಲ್ಲಿ ಅರ್ಧ ಗಂಟೆ ಹರಟುತ್ತಿದ್ದ ಮನುಷ್ಯ! ಗಾಳಿ ತಾಗದ ಗೋಡೆಯ ಹಿಂದೆ ಬಟ್ಟೆ ಜೋಡಿಸಿಟ್ಟರು. ಮೊದಲು ಬೇಕಾದದ್ದು ಮೇಲೆ, ಆಮೇಲಿನದು ಕೆಳಗೆ. ಗುಂಡಿಯ ಅಂಗಿ ಇಲ್ಲ, ತಲೆಯ ಮೇಲಿಂದ ಎಳೆದುಕೊಳ್ಳುವ ದೊಗಲೆ ಉಣ್ಣೆ ಅಂಗಿ. ಕಾಲಡಿಗೆ ಹಳೆಯ ರಬ್ಬರ್ ಚಾಪೆ. ಫ್ಲಾಸ್ಕಿನ ಮುಚ್ಚಳ ಸಡಿಲ ಮಾಡಿಟ್ಟರು. ನೀರಿಗೆ ಹಾರಲಿಲ್ಲ. ನಡೆದೇ ಇಳಿದು, ಏದುಸಿರು ತಹಬಂದಿಗೆ ಬರುವವರೆಗೆ ಸೊಂಟದ ನೀರಿನಲ್ಲಿ ನಿಂತರು. ಗುರುತಿಗೆಂದು ದೂರದಲ್ಲಿ ತೇಲಿಬಿಟ್ಟ ಹಳದಿ ಗುಂಡಿನವರೆಗೆ ಎಂದಿನಂತೆ ಹೋಗಲಿಲ್ಲ, ಐದು ನಿಮಿಷಕ್ಕೆ ತಿರುಗಿದರು.

ಎದ್ದವರು ಯಾರನ್ನೂ ಮಾತಾಡಿಸಲಿಲ್ಲ. ಒದ್ದೆ ಕಳಚಿ, ಒರೆಸಿಕೊಂಡು, ಟೋಪಿ, ಮೇಲಂಗಿ, ಆಮೇಲೆ ಪ್ಯಾಂಟು, ಕಾಲುಚೀಲ, ಕೋಟು. ಸಿಹಿ ಚಹವನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಮೆಲ್ಲಗೆ ಅಡ್ಡಾಡಿದರು. ನಡುಕ ಬಂತು.

"ಬರಲಿ ಬಿಡು," ಎಂದರು ಗ್ವೆಂಡಾ. "ನಡುಕ ಅಂದ್ರೆ ಮೈ ತನ್ನ ಒಲೆ ಹಚ್ಕೊಳ್ತಿದೆ ಅಂತ."

ಹತ್ತು ನಿಮಿಷವಾಯಿತು. ಹಗ್ಗ ಬಂತು. ಸ್ಕಿಪ್ಪರ್ ಗಂಟು ಹಾಕಿದರು. ಬಿಚ್ಚಿದರು. ಮತ್ತೆ ಹಾಕಿ ಜಾಸ್ಲಿನ್ ಕೈಗೆ ಕೊಟ್ಟರು. ಅವಳು ಎರಡೂ ಕೈಯಿಂದ ಜಗ್ಗಿದಳು. ಗಂಟು ಅಲುಗಲಿಲ್ಲ.

ಆ ಹೊತ್ತಿಗೆ ಫೇ ಅಜ್ಜಿ ದಡಕ್ಕೆ ಬಂದರು. ಹಿಂದಿನ ವಾರ ಹಗ್ಗ ಬಿದ್ದದ್ದನ್ನು ಕಂಡಿದ್ದ ನಾವೂ ಸೇರಿ ಹದಿನಾಲ್ಕು ಜನ ಕೋಟು ತೊಟ್ಟು ನಿಂತಿದ್ದೆವು. ಬೆಚ್ಚಗಿನ ಕೈಗಳು ಅವರನ್ನು ಹಿಡಿದು ಟವೆಲು ಸುತ್ತಿದವು, ಟೋಪಿ ಹಾಕಿದವು.

"ಅಬ್ಬ, ಕೊನೆಗೂ!" ಎಂದರು ಅಜ್ಜಿ. "ಹನ್ನೊಂದು ವರ್ಷದಿಂದ ನೀವೆಲ್ಲ ಪುಕ್ಕ ಕಿತ್ತ ಕೋಳಿಗಳ ಹಾಗೆ ನಿಂತಿರ್ತಿದ್ರಿ. ನನ್ನಿಂದ ಇವರಿಗೆ ಚಳಿ ಅಂತ ಒಂದು ದಿನವೂ ನಾನು ನೆಮ್ಮದಿಯಾಗಿ ಈಜಿಲ್ಲ, ಗೊತ್ತಾ?"

ಹನ್ನೊಂದು ವರ್ಷ! ಅಜ್ಜಿಗೋಸ್ಕರ ಅಂತ ನಿಂತೆವು. ಅಜ್ಜಿಯನ್ನು ಒಂದು ಮಾತು ಕೇಳಿದವರು ಒಬ್ಬರೂ ಇಲ್ಲ.

ಜಾಸ್ಲಿನ್ ಕಾರಿನಿಂದ ಖಾಲಿ ಚೀಲ ತಂದು ಅಪ್ಪನ ಕೈಗಿಟ್ಟಳು. "ನೀನೇ ಇಟ್ಕೋ. ಮುಂದಿನ ವಾರ ನಾನೂ ಬರ್ತೀನಿ. ಈಜೋಕಲ್ಲ, ಫ್ಲಾಸ್ಕ್ ಹಿಡ್ಕೊಳ್ಳೋಕೆ."

ಈಗ ನಮ್ಮ ಕ್ಲಬ್ಬಿನ ಬಾಗಿಲ ಮೇಲೆ ಸ್ಕಿಪ್ಪರ್ ಬರೆದ ಹಲಗೆ ಇದೆ: "ಕೊನೆಯ ತಲೆ ದಡ ಸೇರುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಕೋಟು ಹಾಕಿಕೊಂಡೇ ಕಾಯಬೇಕು." ಅದರ ಕೆಳಗೆ ಮೊಳೆಗೆ ಆ ಹಗ್ಗ ತೂಗುತ್ತಿದೆ, ಗಂಟಿನ ಸಮೇತ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಚಳಿಗಾಲದ ಸಮುದ್ರಕ್ಕೆ ಇಳಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಇಳಿಯಿರಿ. ಒಬ್ಬರೇ ಇಳಿಯಬೇಡಿ. ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಬೆಚ್ಚಗೆ ಬನ್ನಿ, ಬೇಗ ಏಳಿ, ಎದ್ದ ಕೂಡಲೇ ಒಣಬಟ್ಟೆ ಹಾಕಿಕೊಳ್ಳಿ. ಮೈ ಪೂರ್ತಿ ಬೆಚ್ಚಗಾಗುವವರೆಗೆ ಬಿಸಿನೀರಿನ ಸ್ನಾನ ಬೇಡ, ನಡುಕ ನಿಲ್ಲುವವರೆಗೆ ಕಾರು ಓಡಿಸುವುದು ಬೇಡ, ರಮ್ ಬೇಡವೇ ಬೇಡ. ಪಕ್ಕದವರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಮೈ ತಣ್ಣಗಿದ್ದೂ ನಡುಕ ನಿಂತುಹೋದರೆ ನಗಬೇಡಿ. ಅವರನ್ನು ಮಲಗಿಸಿ, ಹೊದಿಸಿ, ತಕ್ಷಣ ಆಂಬ್ಯುಲೆನ್ಸಿಗೆ ಕರೆ ಮಾಡಿ.

ಯಾರಾದರೂ ಟೋಪಿ ಹಾಕಿಕೊಂಡವನನ್ನು ನೋಡಿ "ಅಜ್ಜಿ ಬಂದ್ಲು" ಎಂದು ಕೂಗಿದರೆ, ಹಗ್ಗದ ತುಂಡೊಂದು ಅವನ ಕೈಗೆ ಕೊಡಿ. ಹತ್ತು ನಿಮಿಷ ಒದ್ದೆಯಲ್ಲಿ ನಿಂತು ಗಂಟು ಹಾಕುವ ಧೈರ್ಯ ಇದೆಯೇ ಎಂದು ಕೇಳಿ. ಆಮೇಲೆ ನಿಮ್ಮ ಇನ್ನೊಂದು ಟೋಪಿಯನ್ನು ಅವನ ತಲೆಗೆ ಹಾಕಿ.