ಮೈಲಿ ಆಗಿದ್ಯಾ?

"ಅಲ್ಲೇ ನಿಲ್ರೋ ಬೋಳಿಮಕ್ಳಾ! ಜಗಲಿ ಮ್ಯಾಲೆ ದೊಡ್ಡೋರು ಕುಂತವ್ರೆ, ಕಣ್ ಕಾಣಾಕಿಲ್ವಾ? ಹಿಂದಕ್ ಹೋಗಿ, ತಿಪ್ಪೆ ತಾವ ನಿಂತ್ಕಳಿ!"

ಪಟೇಲ ಗಂಗಾಧರಯ್ಯನ ಬಾಯಿಗೆ ಹೆದರಿ ಕೇರಿಯವರ ಸಾಲು ಹಿಂದಕ್ಕೆ ಸರಿಯಿತು. ಸಾಲಿನ ತಲೆಯಲ್ಲಿದ್ದ ಪಾಪಮ್ಮ ಹಿಂದೆ ನೋಡದೆ ಸರಿದು ಯಾರದೋ ಕಾಲು ತುಳಿದಳು. ಅವಳ ಕಂಕುಳಲ್ಲಿ ಮಗಳು ಕೆಂಪಿ, ಇನ್ನೊಂದು ಕೈಯಲ್ಲಿ ಸೆರಗಿನ ತುದಿ. ಆ ಸೆರಗನ್ನು ಅವಳು ಬೆಳಗಿನಿಂದ ಕೈಬಿಟ್ಟಿರಲಿಲ್ಲ. ಮುಟ್ಟಾಗಿದ್ದಳು. ಇದ್ದದ್ದು ಒಂದೇ ಸೀರೆ, ಹಿಂದೆ ಎಲ್ಲಿ ಕಲೆ ಕಂಡೀತೋ ಎಂದು ಜೀವ ಹಿಡಿಯಷ್ಟಾಗಿತ್ತು. ಅಂಥ ದಿನವೂ ಅವಳು ಹೊರಟು ಬಂದದ್ದು ಹೆಗ್ಗನಹಳ್ಳಿಯ ಸುದ್ದಿ ಕೇಳಿ. ಅಲ್ಲಿ ಅಮ್ಮ ಬಂದು ಕೂತಿದ್ದಾಳೆ, ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು ಸಿಕ್ಕಿಸಿದ್ದಾರೆ, ಮೈತುಂಬ ಗುಳ್ಳೆ ಎದ್ದು ಮಕ್ಕಳು ಹೋಗುತ್ತಿವೆ ಎಂದು ಸಂತೆಗೆ ಹೋದವರು ಹೇಳಿದ್ದರು. ಪಾಪಮ್ಮನ ಮಾವ ಕೆಂಚಪ್ಪ ಹಿಂದಿನ ದಿನವೇ ತಮಟೆ ಬಡಿದು, "ಅಮ್ಮನ ಸೂಜಿ ಹಾಕ್ತಾರಂತೆ, ಎಲ್ಲಾ ಬರಬೇಕಂತೆ" ಎಂದು ಕೇರಿಗೆ ಸಾರಿದ್ದ.

ಜಗಲಿಯ ಮೇಲೆ ಸೂಜಿ ಡಾಕ್ಟರು ಕೂತಿದ್ದರು. ನಿಜಕ್ಕೂ ಅವರು ಡಾಕ್ಟರೇನಲ್ಲ, ಖಾಕಿ ಚಡ್ಡಿ ಹಾಕಿಕೊಂಡು ಕೆಂಗೇರಿ ಕಡೆಯಿಂದ ಸೈಕಲ್ಲಿನಲ್ಲಿ ಬರುವ ಸರ್ಕಾರದ ಆಳು. ಆದರೆ ಸೂಜಿ ಹಿಡಿದವನಿಗೆ ಡಾಕ್ಟರು ಅನ್ನದೆ ಇನ್ನೇನು ಅನ್ನುತ್ತಾರೆ? ಊರವರ ತೋಳುಗಳೆಲ್ಲ ಮುಗಿದಿದ್ದವು. ಇನ್ನು ಕೇರಿಯವರ ತೋಳು. ಅದಕ್ಕೆ ಅವರು ಜಗಲಿ ಇಳಿಯಬೇಕು, ಅಂಗಳ ದಾಟಬೇಕು, ಕಟ್ಟಿದ ಎತ್ತುಗಳನ್ನು ಸುತ್ತಿ ಬಳಸಿ ತಿಪ್ಪೆಯ ತನಕ ನಡೆಯಬೇಕು. ಒಳಗಿನಿಂದ ಅವರೆಕಾಳು ಸಾರಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ಅವರು ಕೂತಲ್ಲಿಂದಲೇ ಕೂಗಿ ಕೇಳಿದರು.

"ಏನಮ್ಮಾ, ಮೈಲಿ ಆಗಿದ್ಯಾ ನಿಂಗೆ?"

ಓದು ಬಲ್ಲವರು ಸಿಡುಬಿಗೂ ಮೈಲಿ ಅನ್ನುತ್ತಾರೆ, ಅದು ಬಾರದಂತೆ ಚುಚ್ಚುವುದಕ್ಕೂ ಮೈಲಿ ಹಾಕುವುದು ಅನ್ನುತ್ತಾರೆ. ಕೇರಿಯಲ್ಲಿ ಆ ಬೇನೆಗೆ ಅಮ್ಮ ಎನ್ನುವುದು ಬಿಟ್ಟರೆ ಬೇರೆ ಹೆಸರಿಲ್ಲ. ಬೇರೆ ಹೆಸರು ಹಿಡಿದು ಕರೆದರೆ ಅವಳು ಮುನಿಯುತ್ತಾಳೆ. ಹಾಗಾಗಿ ಅಷ್ಟು ದೂರದಿಂದ ಬಂದ ಮಾತು ಪಾಪಮ್ಮನ ಕಿವಿಗೆ ಬಿದ್ದಾಗ ಅದು ಮೈಲಿಗೆ ಆಗಿತ್ತು.

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಊರ ಗಂಡಸರೆಲ್ಲ ಜಗಲಿಯ ಮೇಲಿದ್ದಾರೆ, ಬೆನ್ನ ಹಿಂದೆ ಹೆತ್ತ ಅಪ್ಪನಂಥ ಮಾವ ನಿಂತಿದ್ದಾನೆ. ಈ ಮನುಷ್ಯನಿಗೆ ಹೇಗೆ ತಿಳಿಯಿತು? ಕಲೆ ಕಂಡಿತೇ? ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ತಲೆ ತಗ್ಗಿಸಿ, ಹೂಂ ಎಂದು ಕತ್ತು ಆಡಿಸಿದಳು.

"ಮಗೂಗೆ?"

ಮುಟ್ಟಾದವಳ ಕಂಕುಳಲ್ಲಿರುವ ಮಗುವಿಗೆ ಮೈಲಿಗೆ ತಪ್ಪುತ್ತದೆಯೇ? ಅದಕ್ಕೂ ಕತ್ತು ಆಡಿಸಿದಳು.

ಸೊಸೆಯ ಮಾನ ಹೀಗೆ ಹತ್ತು ಜನರ ಮುಂದೆ ಹರಾಜಾಗುವುದನ್ನು ಕೆಂಚಪ್ಪ ನೋಡಲಾರದೆ ಹೋದ. ಅವಳೊಬ್ಬಳದಲ್ಲ, ಸಾವಿನ ಮೈಲಿಗೆ ಕೇರಿಗೆಲ್ಲ ಇದೆ ಎಂದು ತೋರಿಸಲಿಕ್ಕೆ ಮುಂದೆ ಬಂದು ಕೈಮುಗಿದು, ಇದ್ದ ಗಂಟಲನ್ನೆಲ್ಲ ಹಾಕಿ ಕೂಗಿದ: "ನಮ್ ಕೇರಿಗೆಲ್ಲಾ ಆಗೈತೆ ಸೋಮಿ! ಮೊನ್ನೆ ದೊಡ್ಡಹನುಮಯ್ಯ ಹೋಗ್ಬುಟ್ನಲ್ಲ..."

ಸತ್ತವನ ಮಾತು ಡಾಕ್ಟರಿಗೆ ಯಾಕೆ ಬೇಕು? "ಎಲ್ಲಾರ್ಗೂ ಆಗಿದ್ಯಾ? ಭೇಷ್! ಮತ್ತೆ ಯಾಕಯ್ಯಾ ಬಂದ್ರಿ ಸುಮ್ನೆ? ಹೋಗಿ ಹೋಗಿ" ಎಂದು ಪೆಟ್ಟಿಗೆ ಮುಚ್ಚಿದರು.

ಗಂಗಾಧರಯ್ಯ ಮೀಸೆಯ ಕೆಳಗೇ ನಕ್ಕ. ಕೇರಿಯವರ ಮಾತು ಅವನಿಗೆ ಅರ್ಥವಾಗದೆ ಇರುತ್ತದೆಯೇ, ಅವರನ್ನು ದುಡಿಸಿಕೊಂಡೇ ಬೆಳೆದ ಮನೆ ಅದು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. "ಏಳಿ ಡಾಕ್ಟ್ರೇ, ಎಲೆ ಹಾಕವ್ರೆ" ಅಂದ.

ಪಾಪಮ್ಮನಿಗೆ ತನ್ನ ತಪ್ಪು ತಿಳಿದದ್ದು ನಾಲ್ಕು ದಿನ ಬಿಟ್ಟು, ಸಗಣಿ ಬುಟ್ಟಿ ಹೊತ್ತಿದ್ದಾಗ. ಅವಳು ಪಟೇಲರ ಕೊಟ್ಟಿಗೆ ಬಳಿದು ತಿಪ್ಪೆಗೆ ಹೊರಟಿದ್ದಳು. ಜಗಲಿಯ ಮೇಲೆ ಗಂಗಾಧರಯ್ಯ ಬಂದ ನೆಂಟರಿಗೆ ಎಲೆಯಡಿಕೆ ಕೊಡುತ್ತ ಕಥೆ ಹೇಳುತ್ತಿದ್ದ.

"ಮೈಲಿ ಹಾಕ್ಸ್ಕಂಡಿದ್ದೀಯೇನಮ್ಮಿ ಅಂತ ಆ ವಯ್ಯ ಕೇಳಿದ್ರೆ, ಈ ಮುಂಡೇದು ಹೂಂ ಮೈಲ್ಗೆ ಆಗೀವ್ನಿ ಅಂತ ಕತ್ತು ಆಡಿಸ್ತೈತೆ! ಅದರ ಮಾವ ಇನ್ನೂ ಜೋರು. ಕೇರಿ ಗಂಡಸ್ರಿಗೆಲ್ಲಾ ಆಗೈತೆ ಅಂದ್ಬುಟ್ಟ ಕಣಯ್ಯ!"

ನೆಂಟರು ತೊಡೆ ತಟ್ಟಿಕೊಂಡು ನಕ್ಕರು. ಒಬ್ಬನಿಗೆ ಅಡಿಕೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಯಾರೋ, "ಅಗೋ, ಅವಳೇ ಏನು?" ಎಂದು ಕೈ ತೋರಿಸಿದರು. ಪಾಪಮ್ಮ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಸೆರಗು ಮುಖಕ್ಕೆ ಎಳೆದುಕೊಳ್ಳಲೂ ಕೈ ಬಿಡುವಿರಲಿಲ್ಲ. ಸಗಣಿಯ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಮನೆಗೆ ಬಂದು ಮಾವನಿಗೆ ಹೇಳಲೇ ಬೇಡವೇ ಎಂದು ಒದ್ದಾಡಿದಳು. ಇಂಥ ಮಾತನ್ನು ಮಾವನ ಹತ್ತಿರ ಯಾವ ಬಾಯಿಂದ ಆಡುವುದು? ಆದರೆ ಊರೆಲ್ಲ ನಕ್ಕ ಮಾತು ಕೇರಿಗೆ ಬರದೆ ಇದ್ದೀತೇ? ಕೆಂಚಪ್ಪನಿಗೆ ಸೇಂದಿ ಅಂಗಡಿಯಲ್ಲೇ ಗೊತ್ತಾಯಿತು. ಅವತ್ತಿನಿಂದ ಅವನು ಸೊಸೆ ಒಳಗಿದ್ದರೆ ಹೊರಗೆ ಉಣ್ಣುತ್ತಿದ್ದ, ಹೊರಗಿದ್ದರೆ ಒಳಗೆ. ಗಂಡ ರಾಜಾಜಿನಗರದಲ್ಲಿ ಮನೆ ಕಟ್ಟುವ ಕಡೆ ಕಲ್ಲು ಹೊರುತ್ತ ಅಲ್ಲೇ ಮಲಗುತ್ತಿದ್ದ, ಅವನಿಗೆ ಇದು ಯಾವುದೂ ತಿಳಿಯದು.

ಮೊದಲು ರಾಮಕ್ಕನ ಮಗನಿಗೆ ಅಮ್ಮ ಬಂದಳು. ಪಕ್ಕದ ಗುಡಿಸಲು. ನೋಡಲಿಕ್ಕೆ ಹೋದ ಪಾಪಮ್ಮನಿಗೆ ಮಗುವಿನ ಮುಖ ಯಾವುದು ಗುಳ್ಳೆ ಯಾವುದು ತಿಳಿಯಲಿಲ್ಲ. ಅದು ನೀರು ಕೇಳುತ್ತಿತ್ತು, ಕೊಟ್ಟರೆ ನುಂಗಲಾರದು. ಮಣ್ಣು ಮಾಡಿ ಬಂದ ಮೇಲೆ ರಾಮಕ್ಕ ಅಳಲಿಲ್ಲ, ಬೈಯಲೂ ಇಲ್ಲ.

"ನೀನೇ ಮುಂದಿದ್ದೆ ಕಣಮ್ಮಿ" ಎಂದಳು ಅಷ್ಟೆ. "ಏನು ಸೋಮಿ ಅಂತ ಇನ್ನೊಂದ್ ಕಿತ ಕೇಳಾಕೂ ಬಾಯಿರ್ಲಿಲ್ವಾ ನಿಂಗೆ?"

ಇರಲಿಲ್ಲ. ಅದೇ ನಿಜ. ಹೊಡೆದಿದ್ದರೆ ವಾಸಿಯಿತ್ತು ಅನ್ನಿಸಿತು ಪಾಪಮ್ಮನಿಗೆ.

ಮಾರನೆಯ ದಿನ ಕೂಲಿ ಬಿಟ್ಟು ಕೆಂಪಿಯನ್ನು ಹೊತ್ತುಕೊಂಡು ಸರ್ಕಾರಿ ಔಷಧಾಲಯಕ್ಕೆ ನಡೆದಳು. ಬಿಸಿಲು ಏರುವ ಹೊತ್ತಿಗೆ ಸಾಲು ಬಾಗಿಲಿಂದ ರಸ್ತೆಯ ತನಕ ಬೆಳೆದಿತ್ತು. ಡಾಕ್ಟರ ಮುಖ ಕಾಣುವ ಮೊದಲು ಬಾಗಿಲ ಜವಾನನನ್ನು ದಾಟಬೇಕು.

"ಯಾವೂರು?"

ಊರ ಹೆಸರು ಹೇಳಿ, ಮಗುವಿಗೆ ಸೂಜಿ ಹಾಕಿಸಬೇಕು ಅಂದಳು.

"ನಿಮ್ಮೂರಲ್ಲಿ ಎಲ್ಲಾರ್ಗೂ ಆಗೋಗಿದೆ ಅಂತ ಸೂಜಿ ಹಾಕೋರು ಬರೆಸಿದಾರಲ್ಲಮ್ಮ. ಮತ್ತೆ ಯಾಕೆ ಬಂದೆ?"

"ಇಲ್ಲ ಸೋಮಿ, ನಂ ಕೇರಿಗ್ ಆಗಿಲ್ಲ."

"ಆಗಿದೆ ಅಂತ ನೀವೇ ಒಪ್ಕೊಂಡಿದೀರಂತೆ. ಒಂದ್ಸಲ ಆಗಿದೆ ಅಂತೀರ, ಒಂದ್ಸಲ ಇಲ್ಲ ಅಂತೀರ. ಆಟ ಆಡ್ತೀರಾ?"

ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಹಿಂದೆ ಗಂಡಸರ ಸಾಲು, ಮುಂದೆ ಬೀಡಿ ಸೇದುವ ಜವಾನ. ನಾನು ಮುಟ್ಟಾಗಿದ್ದೆ, ಅವರು ಅದನ್ನೇ ಕೇಳಿದರು ಅಂದುಕೊಂಡೆ ಎಂದು ಇವರ ಮುಂದೆ ಹೇಗೆ ಹೇಳುವುದು? ಹೇಳಿದರೆ ಇಲ್ಲೂ ತೊಡೆ ತಟ್ಟಿಕೊಂಡು ನಗುವುದಿಲ್ಲವೇ? "ಅದು... ಕೇಳಿದ್ದು ತಪ್ಪಾಗಿ..." ಎಂದು ತೊದಲಿದಳು.

"ಪಟೇಲರ ಹತ್ರ ಚೀಟಿ ಬರೆಸ್ಕೊಂಡ್ ಬಾ, ಹೋಗು" ಎಂದು ಜವಾನ ಅವಳ ಭುಜದ ಮೇಲಿಂದ ಮುಂದಿನವರನ್ನು ಕರೆದ.

ಪಟೇಲ ಚೀಟಿ ಬರೆದುಕೊಡುವ ಪೈಕಿಯೇ? ದಾರಿಯುದ್ದಕ್ಕೂ ಪಾಪಮ್ಮ ತನ್ನ ನಾಲಿಗೆಯನ್ನೇ ಬೈದುಕೊಂಡಳು. ಮಾನ ಮುಚ್ಚಿಕೊಳ್ಳಲು ಹೋಗಿ ಮಗಳನ್ನು ಬೆತ್ತಲೆ ನಿಲ್ಲಿಸಿದೆನಲ್ಲ, ಇನ್ನೊಬ್ಬಳ ಮಗನನ್ನು ನುಂಗಿದೆನಲ್ಲ ಎಂದು ಹಲುಬಿದಳು. ಕೆಂಪಿ ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅದರ ತೋಳು ಮುಟ್ಟಿ ಮುಟ್ಟಿ ನೋಡಿದಳು, ಸದ್ಯ ಬಿಸಿಯಿರಲಿಲ್ಲ.

ಅಷ್ಟರಲ್ಲಿ ಪಟೇಲರ ಸೊಸೆ ಜಗದಾಂಬಾ ಬಾಣಂತನ ಮುಗಿಸಿಕೊಂಡು ಮಾರೇನಹಳ್ಳಿಯ ತವರಿನಿಂದ ಗಂಡು ಕೂಸಿನೊಂದಿಗೆ ಬಂದಳು. ಕೇರಿಯಲ್ಲಿ ಅಮ್ಮ ಇದ್ದಾಳೆಂದು ಗಂಗಾಧರಯ್ಯನಿಗೂ ದಿಗಿಲು ಹತ್ತಿತ್ತು. ಮೊಮ್ಮಗನೊಬ್ಬನಿಗಾಗಿ ಸೂಜಿ ಡಾಕ್ಟರನ್ನು ಮತ್ತೆ ಕರೆಸಿದ. ಅವರು ಬಂದಾಗ ಪಾಪಮ್ಮ ಕೊಟ್ಟಿಗೆಯಲ್ಲಿದ್ದಳು. ಕೆಂಪಿಯನ್ನು ಕೇರಿಯಲ್ಲಿ ಬಿಡಲು ಹೆದರಿ ಜೊತೆಗೇ ತಂದು ಹುಲ್ಲಿನ ಮೇಲೆ ಕೂರಿಸಿದ್ದಳು.

ಡಾಕ್ಟರು ಗಾಜಿನ ಕೊಳವೆಯ ತುದಿ ಮುರಿದು, ಹತ್ತಿಪ್ಪತ್ತು ತೋಳಿಗೆ ಆಗುವಷ್ಟಿದ್ದ ಔಷಧವನ್ನು ಒಂದು ಗಾಜಿನ ಬಿಲ್ಲೆಯ ಮೇಲೆ ಸುರಿದರು. ಮುಳ್ಳುಮುಳ್ಳಿನ ಪುಟ್ಟ ಬಿಲ್ಲೆಯಂಥ ಸೂಜಿಯನ್ನು ದೀಪಕ್ಕೆ ಹಿಡಿದು, ಆರಿಸಿ, ಔಷಧದಲ್ಲಿ ಅದ್ದಿದರು. ಜಗದಾಂಬಾ ಕೂಸಿನ ಅಂಗಿ ಬಿಚ್ಚಲು ಒಳಗೆ ಹೋದಳು.

ಪಾಪಮ್ಮ ಕೈಯ ಸಗಣಿಯನ್ನು ಸೀರೆಗೆ ಒರೆಸಿಕೊಂಡಳು. ಕೆಂಪಿಯನ್ನು ಎತ್ತಿಕೊಂಡು ಅಂಗಳ ದಾಟಿ, ಅವಳ ಮನೆತನದಲ್ಲಿ ಯಾರೂ ತುಳಿಯದ ಜಗಲಿಯ ಮೆಟ್ಟಿಲು ಹತ್ತಿದಳು.

"ಏಯ್, ಇಳಿಯೇ ಕೆಳಕ್ಕೆ ಲೌಡಿ! ಎಲ್ಲಿಗ್ ಹತ್ತೀಯ?" ಗಂಗಾಧರಯ್ಯ ಕೋಲಿಗೆ ತಡಕಾಡಿದ.

"ಡಾಕ್ಟ್ರೇ, ನನ್ ಮಗೀಗೆ ಹಾಕು."

"ನಿಂಗೂ ಮಗೂಗೂ ಆಗಿದೆ ಅಂದಿದ್ದೆಯಲ್ಲಮ್ಮಾ ಅವತ್ತು?"

"ನಂಗ್ ಆಗಿದ್ದು ಮೈಲ್ಗೆ! ಮುಟ್ಟು, ಮುಟ್ಟು ಕಣ ಡಾಕ್ಟ್ರೇ! ಹೆಂಗಸ್ರಿಗೆ ಆಗೋ ಮುಟ್ಟು. ನೀನು ಅದ್ನೇ ಕೇಳ್ದೆ ಅಂದ್ಕಂಡೆ. ನಮ್ ಮಾವ ಹೇಳಿದ್ದು ಸಾವಿನ್ ಮೈಲ್ಗೆ. ನಿನ್ ಸೂಜಿ ನಮ್ ಕೇರೀಲಿ ಒಂದ್ ಜೀವಕ್ಕೂ ಬಿದ್ದಿಲ್ಲ. ಈ ನಿಮ್ ಪಟೇಲಂಗೆ ಗೊತ್ತಿತ್ತು. ಗೊತ್ತಿದ್ದೂ ನಗಾಡ್ದ. ಆ ನಗ್ಸಾರದಾಗೆ ರಾಮಕ್ಕನ್ ಮಗ ಸತ್ತೋದ!"

ಹೇಳಿದಳು. ಮುಖ ಬೆಂಕಿಯ ಹಾಗೆ ಉರಿಯಿತು. ಡಾಕ್ಟರು ಪಟೇಲನ ಮುಖ ನೋಡಿದರು. ಪಟೇಲ ಕೋಲು ಎತ್ತಿದ್ದ. ಕೋಲು ಬೀಳುವ ಮೊದಲು ಪಾಪಮ್ಮ ಡಾಕ್ಟರ ಮಣಿಕಟ್ಟನ್ನು ಹಿಡಿದು, ಆ ಮುಳ್ಳುಬಿಲ್ಲೆಯನ್ನು ಕೆಂಪಿಯ ತೋಳಿಗೆ ಒತ್ತಿ ಗರಕ್ಕನೆ ತಿರುಗಿಸಿಬಿಟ್ಟಳು. ಕೆಂಪಿ ಕಿಟಾರನೆ ಕಿರುಚಿತು. ರಕ್ತ ಜಿನುಗಿತು. ಬೆನ್ನಿನ ಮೇಲೆ ಕೋಲು ಬಿತ್ತು. ಅದೇ ರಕ್ತದ ಸೂಜಿಯನ್ನು ಔಷಧದೊಳಕ್ಕೆ ಅದ್ದಿ ಪಾಪಮ್ಮ ಕೈಬಿಟ್ಟಳು.

"ಈಗ ಹಾಕು ಇವ್ರ ಮೊಮ್ಮಗಂಗೆ."

ಗಂಗಾಧರಯ್ಯ ಮತ್ತೆ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. "ಬೇರೆ ಕೊಳವೆ ಒಡೀರಿ ಡಾಕ್ಟ್ರೇ."

"ಬೇರೆ ಎಲ್ಲಿದೆ ಪಟೇಲ್ರೇ? ಒಂದೇ ಮಗು ಅಂತ ಒಂದೇ ಕೊಳವೆ ತಂದಿದ್ದೆ."

"ಗಂಜಲ ಚಿಮುಕಿಸ್ತೀನಿ ಅದಕ್ಕೆ."

"ಚಿಮುಕಿಸಿದ್ರೆ ಔಷಧ ಕೆಡುತ್ತೆ. ಬಿಸಿ ಮಾಡಿದ್ರೂ ಕೆಡುತ್ತೆ."

"ಹಂಗಾದ್ರೆ ಚೆಲ್ಲಿ ಆಚೆಗೆ!"

"ಯಾಕ್ ಚೆಲ್ತೀಯ? ನಮ್ ರಕ್ತ ಬಿದ್ದೈತೆ, ನಮ್ಗೇ ಆಯ್ತದೆ" ಎಂದಳು ಪಾಪಮ್ಮ. ಜಗಲಿಯ ತುದಿಗೆ ಹೋಗಿ ಕೇರಿಯ ಕಡೆ ತಿರುಗಿ ಕೂಗು ಹಾಕಿದಳು: "ರಾಮಕ್ಕೋ! ಮಾವೋ! ಮಕ್ಳ ಎತ್ಕಂಡ್ ಬರ್ರೋ! ಸೂಜಿ ಹಾಕ್ತಾವ್ರೆ!"

ಬಂದರು. ಮೊದಲು ಅಂಗಳದ ಬಾಗಿಲಲ್ಲಿ ಹಿಂಜರಿದು ನಿಂತರು. ಕೆಂಚಪ್ಪ ಊರು ನಕ್ಕ ಮೇಲೆ ಮೊದಲ ಸಲ ಸೊಸೆಯ ಮುಖ ನೋಡಿ, ಒಂದು ಮಗುವಿನ ಕೈ ಹಿಡಿದು ಒಳಗೆ ಕಾಲಿಟ್ಟ. ರಾಮಕ್ಕ ಉಳಿದ ಮಗಳನ್ನು ತಂದಳು. ಡಾಕ್ಟರು ಯಾರ ಮುಖವನ್ನೂ ನೋಡದೆ ಗಾಜಿನ ಬಿಲ್ಲೆ, ದೀಪ ಹಿಡಿದುಕೊಂಡು ಜಗಲಿ ಇಳಿದು, ಅಂಗಳದ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಸಲ ಸೂಜಿಯನ್ನು ದೀಪಕ್ಕೆ ಹಿಡಿದು ಒಂದೊಂದೇ ತೋಳು ಚುಚ್ಚಿದರು.

ಮಕ್ಕಳ ತೋಳುಗಳೆಲ್ಲ ಮುಗಿದವು. "ಇನ್ನೊಂದು ಮಗೂಗೆ ಆಗುತ್ತೆ" ಎಂದು ಡಾಕ್ಟರು ತಲೆ ಎತ್ತಿದರು.

ಗಂಗಾಧರಯ್ಯ ಬಾಗಿಲಿಗೆ ಅಡ್ಡ ಕೋಲು ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದೆ ಕೂಸನ್ನು ಎತ್ತಿಕೊಂಡು ಜಗದಾಂಬಾ. ಕೂಸಿನ ಕೆನ್ನೆಯ ಮೇಲೆ ದೃಷ್ಟಿಬೊಟ್ಟು, ಮೈಮೇಲೆ ಅಂಗಿಯಿಲ್ಲ.

"ಮಾವಾ, ಹಾಕ್ಸಿ. ನಿಮ್ ಕಾಲಿಗ್ ಬೀಳ್ತೀನಿ."

"ಬಾಯ್ ಮುಚ್ಚು!"

ಪಾಪಮ್ಮನಿಗೆ ಗೆದ್ದೆ ಅನ್ನಿಸಬೇಕಿತ್ತು. ಆದರೆ ಆ ಬೆತ್ತಲೆ ಕೂಸನ್ನು ನೋಡಿದ್ದೇ ರಾಮಕ್ಕನ ಮಗನ ಮುಖ ಕಣ್ಣ ಮುಂದೆ ಬಂತು. ನಕ್ಕವನು ಇದರ ತಾತ, ಈ ಕೂಸು ಯಾರನ್ನು ನೋಡಿ ನಕ್ಕಿತ್ತು? "ಯವ್ವಾ, ತತ್ತಾ ಇತ್ಲಾಗೆ ಕೂಸ" ಎಂದು ಎರಡೂ ಕೈ ಚಾಚಿದಳು. ತನ್ನ ಕೈಯಲ್ಲಿ ಇನ್ನೂ ಸಗಣಿ ಇದೆ ಎಂದು ಕಂಡು ಕೈ ಹಿಂದಕ್ಕೆ ಎಳೆದುಕೊಂಡಳು.

ಮಾವನ ಕೋಲಿನ ಕೆಳಗಿಂದ ಜಗದಾಂಬಾ ಕೂಸಿನ ತೋಳನ್ನು ಹೊರಗೆ ಚಾಚಿದಳು. ಡಾಕ್ಟರು ಸೂಜಿ ಹಿಡಿದು ಮೆಟ್ಟಿಲ ಬಳಿ ನಿಂತು ಪಟೇಲನ ಅಪ್ಪಣೆಗೆ ಕಾದರು. ಪಟೇಲ ಕೋಲು ಇಳಿಸಲಿಲ್ಲ. ಅಂಗಳದಲ್ಲಿ ಗಾಜಿನ ಬಿಲ್ಲೆಯ ಮೇಲೆ ಉಳಿದ ಒಂದು ಹನಿ ಬಿಸಿಲಿಗೆ ಅಂಚಿನಿಂದ ಒಣಗುತ್ತ ಬಂತು.